ಫೆಬ್ರವರಿ ಕೊನೇಲಿ ಟ್ರೌಟ್ ಮೀನಿಗೆ ಗಾಳ ಹಾಕೋಕೆ ಹೋಗ್ಬಹುದಾ? ವಿಸ್ಕಾನ್ಸಿನ್ ಕಡೆ ಇರೋರು ಸ್ವಲ್ಪ ಹೇಳಿ

ತುಂಗಾತೀರ:

ಎಲ್ರಿಗೂ ನಮಸ್ಕಾರ. ನಾನು ಮ್ಯಾಡಿಸನ್‌ಗೆ ಬಂದು ಎರಡು ವರ್ಷ ಆಯ್ತು, ಊರು ತೀರ್ಥಹಳ್ಳಿ ಹತ್ರ. ಚಿಕ್ಕೋನಿದ್ದಾಗ ಅಜ್ಜನ ಜೊತೆ ತೋಟದ ಕೆಳಗಿನ ಹಳ್ಳಕ್ಕೆ ಗಾಳದ ಕೋಲು, ಬೆಂಡು, ಎರೆಹುಳದ ಡಬ್ಬಿ ತಗೊಂಡು ಹೋಗ್ತಿದ್ದೆ, ಮಳೆಗಾಲ ಶುರುವಾಗಿ ಹೊಸ ನೀರು ಬಂತು ಅಂದ್ರೆ ರಾತ್ರಿ ಬ್ಯಾಟ್ರಿ ಹಿಡ್ಕೊಂಡು ಹತ್ತುಮೀನಿಗೆ ಗದ್ದೆ ಬಯಲಿಗೆ ಹೋಗಿದ್ದೂ ಇದೆ. ಇಲ್ಲಿ ಬಂದ ಮೇಲೆ ಆ ಹುಚ್ಚು ಮತ್ತೆ ಹತ್ಕೊಂಡಿದೆ. ಹೋದ ಜೂನಲ್ಲಿ ಲೈಸೆನ್ಸು, ಅದರ ಜೊತೆ ಟ್ರೌಟ್ ಹಿಡಿಯೋಕೆ ಬೇರೆ ದುಡ್ಡು ಕೊಟ್ಟು ತಗೊಳ್ಳೋ ಟ್ರೌಟ್ ಸ್ಟಾಂಪು ಎರಡೂ ತಗೊಂಡು, ಹುಸಿ ಹುಳ ಎಸೆಯೋ ಒಂಬತ್ತು ಅಡಿದು ಒಂದು ಫ್ಲೈ ರಾಡ್ ಕೊಂಡು ಕ್ರಾಸ್ ಪ್ಲೇನ್ಸ್ ಹತ್ರ ಬ್ಲ್ಯಾಕ್ ಅರ್ತ್ ಕ್ರೀಕ್‌ಗೆ ಐದಾರು ಸಲ ಹೋದೆ, ಎರಡು ಬ್ರೌನ್ ಟ್ರೌಟ್ ಸಿಕ್ಕಿದ್ವು. ಆ ಎರಡು ಮೀನು ಕೈಯಲ್ಲಿ ಹಿಡ್ಕೊಂಡಾಗ ಆದ ಖುಷಿ ಹೇಳೋಕೆ ಬರಲ್ಲ.

ಈಗ ವಿಷಯ ಏನಂದ್ರೆ ನವೆಂಬರಿಂದ ಮನೇಲೇ ಕೂತು ಕೂತು ಸಾಕಾಗಿದೆ. ಆಫೀಸಲ್ಲಿ ಜೊತೆಗಿರೋರೊಬ್ರು ಈಗಲೂ ಟ್ರೌಟ್ ಹಿಡೀಬಹುದು, ಫೆಬ್ರವರಿ ಮಾರ್ಚೇ ಒಳ್ಳೇ ಕಾಲ ಅಂದ್ರು. ನಂಗೆ ನಂಬಕ್ಕೇ ಆಗ್ಲಿಲ್ಲ, ಮೆಂಡೋಟಾ ಕೆರೆ ಮೇಲೆ ಜನ ನಡ್ಕೊಂಡು ಓಡಾಡ್ತಿದಾರೆ, ಐಸ್ ಕೊರೆದು ತೂತು ಮಾಡಿ ಮೀನು ಹಿಡೀತಿದಾರೆ, ಅಂಥದ್ರಲ್ಲಿ ಒಂದು ಸಣ್ಣ ಹಳ್ಳ ಹೆಂಗೆ ಹರೀತಾ ಇರತ್ತೆ? ಹರಿದ್ರೂ ಮೀನು ಬಾಯಿ ಹಾಕತ್ತಾ? ಈ ಶನಿವಾರ ಹೊರಗಡೆ 38 ಡಿಗ್ರಿ ಫ್ಯಾರನ್‌ಹೀಟ್ ತನಕ ಹೋಗತ್ತೆ, ಬೆಳಿಗ್ಗೆ 20 ಇರತ್ತೆ, ಮೋಡ ಅಂತ ತೋರಿಸ್ತಿದೆ. ಬ್ಲ್ಯಾಕ್ ಅರ್ತ್‌ಗೇ ಹೋಗ್ಲಾ, ಇಲ್ಲಾ ದೂರ ಆದ್ರೂ ಪರವಾಗಿಲ್ಲ ಲಾ ಕ್ರಾಸ್ ಕಡೆ ಹೋಗ್ಲಾ? ಏನು ಕಟ್ಬೇಕು, ಎಷ್ಟು ಹೊತ್ತಿಗೆ ಹೋಗ್ಬೇಕು, ಕಾಲು ಮರಗಟ್ಟದೇ ಇರೋಕೆ ಏನು ಮಾಡ್ತೀರ? ಎರೆಹುಳ ಹಾಕ್ಬಹುದಾ? ಗೊತ್ತಿರೋರು ದಯವಿಟ್ಟು ಬಿಡಿಸಿ ಹೇಳಿ.

ಕಣಿವೆಹಕ್ಕಿ:

ತುಂಗಾತೀರ ಅವ್ರೇ, ಖಂಡಿತ ಹೋಗಿ. ನಾನು ಲಾ ಕ್ರಾಸಲ್ಲಿ 14 ವರ್ಷದಿಂದ ಇದೀನಿ, ವರ್ಷದಲ್ಲಿ ನಂಗೆ ಇಷ್ಟವಾದ ತಿಂಗಳು ಯಾವ್ದು ಅಂತ ಕೇಳಿದ್ರೆ ಮಾರ್ಚ್ ಅಂತೀನಿ. ಜೂನಲ್ಲಿ ಹುಲ್ಲು ಎದೆ ಮಟ್ಟ ಬೆಳೆದು ಸೊಳ್ಳೆ ಉಣ್ಣೆ ಎಲ್ಲಾ ಇರತ್ತೆ, ಈಗ ನೀವು, ಹಿಮ, ಹರಿಯೋ ನೀರು ಅಷ್ಟೇ.

ಮೊದಲು ನಿಮ್ಮ ಮುಖ್ಯ ಪ್ರಶ್ನೆ, ಹಳ್ಳ ಯಾಕೆ ಹೆಪ್ಪುಗಟ್ಟಲ್ಲ ಅಂತ. ಇದು ಅರ್ಥ ಆದ್ರೆ ಮಿಕ್ಕಿದ್ದೆಲ್ಲಾ ತಾನಾಗೇ ಅರ್ಥ ಆಗತ್ತೆ. ವಿಸ್ಕಾನ್ಸಿನ್‌ನ ನೈಋತ್ಯ ಮೂಲೆ, ಪಕ್ಕದ ಮಿನೆಸೋಟ, ಅಯೋವಾ, ಇಲಿನಾಯ್‌ನ ಒಂದಿಷ್ಟು ಭಾಗ ಸೇರಿ ಡ್ರಿಫ್ಟ್‌ಲೆಸ್ ಅಂತಾರೆ. ಹಿಮಯುಗದಲ್ಲಿ ಸುತ್ತಮುತ್ತ ಎಲ್ಲಾ ಕಡೆ ಹಿಮನದಿಗಳು ಬಂದು ನೆಲಾನ ಉಜ್ಜಿ ಸಪಾಟು ಮಾಡಿ ಹೋದ್ವು, ಈ ಜಾಗ ಕೊನೇ ಸಲ ತಪ್ಪಿಸ್ಕೊಳ್ತು. ಹಿಮನದಿ ಬಿಟ್ಟು ಹೋಗೋ ಕಲ್ಲು ಮಣ್ಣಿನ ರಾಶಿಗೆ ಡ್ರಿಫ್ಟ್ ಅಂತ ಹೆಸರು, ಅದು ಇಲ್ಲಿಲ್ಲ, ಅದಕ್ಕೇ ಡ್ರಿಫ್ಟ್‌ಲೆಸ್. ಹಂಗಾಗಿ ಇಲ್ಲಿ ಕಡಿದಾದ ಗುಡ್ಡ, ಇಕ್ಕಟ್ಟಾದ ಕಣಿವೆ, ಕೆಳಗಡೆ ಸುಣ್ಣಕಲ್ಲು ಮರಳುಕಲ್ಲಿನ ಪದರ. ಮಳೆ ನೀರು, ಹಿಮದ ನೀರು ಗುಡ್ಡದ ಮೇಲೆ ಇಂಗಿ ಕಲ್ಲಿನ ಬಿರುಕಲ್ಲಿ ಇಳಿದು ಕಣಿವೆ ಬುಡದಲ್ಲಿ ಒರತೆಯಾಗಿ ಏಳತ್ತೆ. ನೆಲದೊಳಗಿಂದ ಬರೋ ಆ ನೀರು ವರ್ಷ ಪೂರ್ತಿ ಹತ್ರ ಹತ್ರ 48, 50 ಡಿಗ್ರಿ, ಅಂದ್ರೆ 9, 10 ಸೆಲ್ಸಿಯಸ್. ಜುಲೈನಲ್ಲಿ ಕಾಲಿಟ್ರೆ ಕೊರೆಯತ್ತೆ, ಜನವರಿಲಿ ಅದೇ ನೀರಿಂದ ಹಬೆ ಏಳತ್ತೆ. ನಮ್ಮೂರ ಬಾವಿ ನೀರು ಚಳಿಗಾಲದ ಬೆಳಿಗ್ಗೆ ಬೆಚ್ಚಗೆ ಅನ್ಸತ್ತಲ್ಲ, ಅದೇ ಲೆಕ್ಕ.

ಹಂಗಂತ ಹಳ್ಳದುದ್ದಕ್ಕೂ 48 ಇರಲ್ಲ. ಒರತೆಯಿಂದ ದೂರ ಹೋದಂಗೆ ತಣ್ಣಗಾಗ್ತಾ 36, 37ಕ್ಕೆ ಇಳಿದಿರತ್ತೆ. ಮೀನಿಗೆ ಮೈಯಲ್ಲಿ ಸ್ವಂತ ಬಿಸಿ ಇಲ್ಲ, ನೀರು ಎಷ್ಟೋ ಅದೂ ಅಷ್ಟೇ. 40ಕ್ಕಿಂತ ಕೆಳಗೆ ಅದಕ್ಕೆ ಹಸಿವು ಕಮ್ಮಿ, ಓಡಾಟ ಕಮ್ಮಿ, ಆಳವಾದ ನಿಧಾನ ಹರಿಯೋ ಮಡುವಿನ ತಳದಲ್ಲಿ ಸುಮ್ನೆ ನಿಂತಿರತ್ತೆ. 40 ದಾಟಿ ಒಂದೆರಡು ಡಿಗ್ರಿ ಏರಿದ್ರೆ ಸಾಕು ಎದ್ದು ತಿನ್ನೋಕೆ ಶುರು ಮಾಡತ್ತೆ. ಅದಕ್ಕೇ ಬೆಳಿಗ್ಗೆ ಆರಕ್ಕೆ ಎದ್ದು ಓಡ್ಬೇಡಿ. ಹತ್ತೂವರೆಗೆ ನೀರಿಗಿಳಿದು ಮೂರು ಗಂಟೆ ತನಕ, ಅಷ್ಟೇ ಆಟ. ಒಂದು ಥರ್ಮಾಮೀಟರ್ ದಾರ ಕಟ್ಟಿ ಜೇಬಲ್ಲಿಟ್ಕೊಳ್ಳಿ, ಯಾವ ಹುಸಿ ಹುಳ ಕಟ್ಬೇಕು ಅನ್ನೋದಕ್ಕಿಂತ ಎಲ್ಲಿ ನಿಲ್ಬೇಕು ಅಂತ ಅದು ಹೇಳತ್ತೆ.

ಇನ್ನೊಂದು, ಜನ ಬಿಸಿಲು ಬಂತು ಅಂತ ಖುಷಿಯಾಗಿ ಹೋಗ್ತಾರೆ, ಆದ್ರೆ ದಡದಲ್ಲಿ ಹಿಮ ದಪ್ಪ ಇದ್ದು ಮಧ್ಯಾಹ್ನ 45 ಡಿಗ್ರಿ ಆದ್ರೆ ಕರಗಿದ ನೀರೆಲ್ಲಾ ಹಳ್ಳಕ್ಕೆ ಬಂದು ನೀರಿನ ಬಿಸಿ ದಬಕ್ಕನೆ ಇಳಿಯತ್ತೆ, ಕೆಂಪಗೂ ಆಗತ್ತೆ, ಮೀನು ಬಾಯಿ ಮುಚ್ಕೊಳ್ಳತ್ತೆ. ನೀವು ಹೇಳಿದ 38, ಮೋಡ, ಇದು ಬಹಳ ಒಳ್ಳೇ ದಿನ.

ಕಾನೂನು: ಜನವರಿ ಮೊದಲ ಶನಿವಾರದಿಂದ ಮೇ ಮೊದಲ ಶನಿವಾರದ ಹಿಂದಿನ ದಿನದ ತನಕ ಇರೋದು ಹಿಡಿದು ಬಿಡೋ ಸೀಸನ್. ಎರೆಹುಳ, ಬೇರೆ ಯಾವ್ದೇ ಜೀವಂತ ಎರೆ ಹಾಕೋ ಹಂಗಿಲ್ಲ, ಹುಸಿ ಹುಳ ಮಾತ್ರ, ಸಿಕ್ಕಿದ ಮೀನು ಅಲ್ಲೇ ಬಿಡ್ಬೇಕು. ಎಲ್ಲಾ ಹಳ್ಳಾನೂ ತೆರೆದಿರಲ್ಲ, ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆ, ಅಂದ್ರೆ ಡಿಎನ್‌ಆರ್ ಸೈಟಲ್ಲಿ ಟ್ರೌಟ್ ಮ್ಯಾಪ್ ಇದೆ, ಹೋಗೋ ಹಳ್ಳಾನ ಅದ್ರಲ್ಲಿ ನೋಡ್ಕೊಂಡೇ ಹೋಗಿ. ನಿಮ್ಮ ಲೈಸೆನ್ಸು ಮಾರ್ಚ್ 31ರ ತನಕ ನಡೆಯತ್ತೆ, ಏಪ್ರಿಲ್ 1ಕ್ಕೆ ಹೊಸದು ಬೇಕು. ಜಮೀನು ಬೇರೆಯವ್ರದ್ದಾದ್ರೂ ಸೇತುವೆ ಹತ್ರ ಇಳಿದು ನೀರಲ್ಲೇ ನಡ್ಕೊಂಡು ಹೋಗೋಕೆ ಈ ರಾಜ್ಯದಲ್ಲಿ ಹಕ್ಕಿದೆ, ಕಾಲು ನೀರಲ್ಲಿರ್ಬೇಕು ಅಷ್ಟೇ. ಎಷ್ಟೋ ಕಡೆ ಡಿಎನ್‌ಆರ್‌ನೋರು ರೈತರಿಂದ ದಡದ ಮೇಲೆ ಓಡಾಡೋ ಹಕ್ಕನ್ನೂ ಕೊಂಡಿದಾರೆ, ಬೋರ್ಡ್ ಇರತ್ತೆ, ಬೇಲಿ ದಾಟೋಕೆ ಏಣಿ ಮೆಟ್ಟಿಲೂ ಇರತ್ತೆ.

ಜಾಗ ಅಂದ್ರೆ, ಬ್ಲ್ಯಾಕ್ ಅರ್ತ್ ಕೆಟ್ಟದ್ದಲ್ಲ. ಆದ್ರೆ ಒಂದು ದಿನ ಪೂರ್ತಿ ಇದ್ರೆ ಹೈವೇ 14 ಹಿಡಿದು ಸೀದಾ ಬನ್ನಿ, ರಿಚ್‌ಲ್ಯಾಂಡ್ ಸೆಂಟರ್, ವಿರೋಕ್ವಾ, ವೆಸ್ಟ್‌ಬಿ ದಾಟಿದ ಮೇಲೆ ಕೂನ್ ವ್ಯಾಲಿ. ಎರಡು ಗಂಟೆ ದಾರಿ. ಅಲ್ಲಿ ಟಿಂಬರ್ ಕೂಲಿ ಕ್ರೀಕ್ ಇದೆ, ಮೈಲಿಗೆ ಸಾವಿರಾರು ಮೀನಿರೋ ಹಳ್ಳ. ಒರತೆ ಹತ್ರ ಇರೋ ಮೇಲ್ಭಾಗಕ್ಕೆ ಹೋಗಿ. ಹೆಂಗೆ ಗುರುತು ಅಂದ್ರೆ ಸುತ್ತ ಎಲ್ಲಾ ಬಿಳಿ ಇದ್ದು ನೀರೊಳಗೆ ಎಲ್ಲಿ ಹಸಿರು ಸೊಪ್ಪು ಕಾಣತ್ತೋ ಅಲ್ಲಿ ಒರತೆ. ಅದು ವಾಟರ್‌ಕ್ರೆಸ್ ಸೊಪ್ಪು. ಒಂದು ಹಿಡಿ ಕಿತ್ತು ಅಂಗೈ ಮೇಲೆ ಕೊಡವಿ ನೋಡಿ, ಅಕ್ಕಿಕಾಳಿನಷ್ಟು ಬೂದು ಬಣ್ಣದ ಸೀಗಡಿಗಳು ಸುತ್ಕೊಂಡು ಒದ್ದಾಡ್ತವೆ. ಇಲ್ಲಿ ಸ್ಕಡ್ ಅಂತಾರೆ. ಚಳಿಗಾಲ ಪೂರ್ತಿ ಟ್ರೌಟ್‌ಗೆ ಅದೇ ಅನ್ನ. ಅದಕ್ಕೆ ನೀವು ಪಿಂಕ್ ಸ್ಕ್ವಿರಲ್ ಅಂತ ಸಿಗೋ ನಿಂಫ್, ಅಂದ್ರೆ ನೀರೊಳಗಿನ ಹುಳದ ಥರ ಮಾಡಿದ ಹುಸಿ ಹುಳ ಕಟ್ಟಿ, ಈ ಕಣಿವೆಗಳಲ್ಲೇ ಮೊದಲು ಮಾಡಿದ್ದು ಅದು, ಅದರ ಕೆಳಗೆ ಒಂದೂವರೆ ಅಡಿ ಬಿಟ್ಟು 18 ನಂಬರಿನ ಜೀಬ್ರಾ ಮಿಡ್ಜ್ ಅನ್ನೋ ಇನ್ನೊಂದು ಸಣ್ಣ ಹುಸಿ ಹುಳ. ಮೇಲೆ ಸಣ್ಣ ಬೆಂಡು. ಹುಳ ತಳಕ್ಕೆ ತಾಗೋ ಅಷ್ಟು ಭಾರ ಇರ್ಲಿ, ಸೆಳವು ಎಷ್ಟು ಜೋರೋ ಅಷ್ಟೇ ಜೋರಲ್ಲಿ ಅದೂ ತೇಲ್ಕೊಂಡು ಹೋಗ್ಬೇಕು. ದಾರ ಎಳೆದ್ರೆ ಮುಗೀತು, ಈ ಕಾಲದಲ್ಲಿ ಮೀನು ಅರ್ಧ ಅಡಿ ಪಕ್ಕಕ್ಕೂ ಬರಲ್ಲ, ಅದರ ಮೂತಿ ಮುಂದೇನೇ ಹೋಗ್ಬೇಕು. ಬೆಂಡು ಮುಳುಗೋದನ್ನ ಕಾಯ್ಬೇಡಿ. ಒಂದು ಚೂರು ನಿಂತಂಗೆ ಆದ್ರೂ ರಾಡ್ ಎತ್ತಿ.

ಧಾರವಾಡದಾಂವ:

ಕಣಿವೆಹಕ್ಕಿ ಅವ್ರು ಎಲ್ಲಾ ಛಲೋ ಹೇಳ್ಯಾರ. ನಾ ಮೈ ಕಾಪಾಡ್ಕೊಳ್ಳೂದು ಅಷ್ಟ ಹೇಳ್ತೀನಿ, ಯಾಕಂದ್ರ ಮೂರು ವರ್ಷದ ಹಿಂದ ಇದ ಟೈಮಿನ್ಯಾಗ ನಾ ನೀರಾಗ ಬಿದ್ದೀನಿ.

ಆಗಿದ್ದೇನಂದ್ರ ಅಂಗಡ್ಯಾಗ ಫೆಲ್ಟ್ ಸೋಲಿನ ಬೂಟು ಕೊಟ್ಟಿದ್ರು, ಪಾಚಿ ಕಲ್ಲಿನ ಮ್ಯಾಲೆ ಜಾರೂದಿಲ್ಲ ಅಂತ. ಬ್ಯಾಸಗ್ಯಾಗ ಖರೇನ ಅದು ಛಲೋ. ಆದ್ರ ಹಿಮದಾಗ ನಡದ್ರ ಆ ಫೆಲ್ಟಿಗೆ ಹಿಮ ಅಂಟಿ ಅಂಟಿ ನಾಕು ಇಂಚಿನ ಗಡ್ಡಿ ಆಗತೈತಿ, ಚಂಡಿನ ಮ್ಯಾಲೆ ನಿಂತಂಗ. ದಂಡಿ ಇಳಿಯೂ ಮುಂದ ಕಾಲು ಹೊಳ್ಳಿತು, ಸೊಂಟದ ತನಕ ನೀರಾಗ ಹೋದ್ನಿ. ಉಸಿರು ಹಿಡದಂಗ ಆತು ನೋಡ್ರಿ, ಕೈ ಐದು ನಿಮಿಷಕ್ಕ ಮಾತು ಕೇಳಲಿಲ್ಲ, ಕಾರಿನ ಕೀಲಿ ತಿರುವಾಕ ಎರಡೂ ಕೈ ಬೇಕಾತು. ವೇಡರ್ ಅಂದ್ರ ನೀರು ಒಳಗ ಹೋಗದಂಥ ಉದ್ದನ್ನ ಪ್ಯಾಂಟು, ಅದರ ಮ್ಯಾಲೆ ಬೆಲ್ಟ್ ಬಿಗಿ ಕಟ್ಟಿದ್ದಕ್ಕ ಒಳಗ ನೀರು ಭಾಳ ಹೋಗಲಿಲ್ಲ, ಅದ ನನ್ನ ಉಳಿಸಿದ್ದು. ಅದಕ್ಕ ರಬ್ಬರ್ ಸೋಲು ಹಾಕ್ರಿ, ಬೆಲ್ಟ್ ಬಿಡಬ್ಯಾಡ್ರಿ, ಕಾರಿನ್ಯಾಗ ಒಂದು ಜೊತಿ ಒಣ ಬಟ್ಟಿ, ಟವೆಲ್, ಫ್ಲಾಸ್ಕಿನ್ಯಾಗ ಬಿಸಿ ಚಾ ಇರಲಿ.

ಕಾಲಿನ ವಿಚಾರ ಕೇಳಿದ್ರಿ. ಮೂರು ಜೊತಿ ಸಾಕ್ಸ್ ಹಾಕಿ ಬೂಟಿನ್ಯಾಗ ತುರುಕಬ್ಯಾಡ್ರಿ, ಬಿಗಿ ಆದ್ರ ರಕ್ತ ಓಡೂದಿಲ್ಲ, ಇನ್ನೂ ಲಗೂ ಮರಗಟ್ಟತೈತಿ. ಒಂದು ತೆಳ್ಳಂದು, ಅದರ ಮ್ಯಾಲೆ ಒಂದು ದಪ್ಪ ಉಣ್ಣಿದು, ಬೆರಳು ಆಡಸಾಕ ಜಾಗ ಇರಬೇಕು. ಹತ್ತೀ ಸಾಕ್ಸ್ ಬ್ಯಾಡ. ನಲವತ್ತು ನಿಮಿಷಕ್ಕೊಮ್ಮೆ ದಂಡಿಗೆ ಬಂದು ಅಡ್ಡಾಡ್ರಿ. ದಂಡಿಗೆ ಅಂಟಿ ನೀರಿನ ಮ್ಯಾಲೆ ಚಾಚಿದ ಐಸಿನ ಮ್ಯಾಲೆ ಕಾಲು ಇಡಲೇಬ್ಯಾಡ್ರಿ, ಕೆಳಗ ಟೊಳ್ಳ ಇರತೈತಿ. ರಾಡಿನ ಉಂಗುರದಾಗ ಐಸ್ ಕಟ್ಟಿದ್ರ ಮುರದು ತಗೀಬ್ಯಾಡ್ರಿ, ರಾಡು ನೀರಾಗ ಅದ್ದಿ ಹಿಡೀರಿ, ತಾನ ಕರಗತೈತಿ.

ಇನ್ನ ಬ್ಲ್ಯಾಕ್ ಅರ್ತ್‌ಗೆ ಹೋಗಿ ಬಂದ ಬೂಟು ಬ್ಯಾರೆ ಹಳ್ಳಕ್ಕ ಹಂಗ ಒಯ್ಯಬ್ಯಾಡ್ರಿ. 2013ರಾಗ ಅಲ್ಲಿ ನ್ಯೂಜಿಲೆಂಡ್ ಮಡ್‌ಸ್ನೇಲ್ ಅಂತ ಎಳ್ಳಿನಷ್ಟು ಸಣ್ಣ ಬಸವನಹುಳ ಸಿಕ್ಕಾವು, ಒಂದು ಹೊಕ್ಕರೂ ಸಂತಾನ ಬೆಳಸತೈತಿ. ಬ್ರಶ್ ಹಚ್ಚಿ ತಿಕ್ಕಿ ತೊಳದು ಒಂದು ರಾತ್ರಿ ಫ್ರೀಜರಿನ್ಯಾಗ ಇಡ್ರಿ.

ಅಲ್ಲಿ ಕಣಿವ್ಯಾಗ ಫೋನ್ ಸಿಗ್ನಲ್ ಸಿಗೂದಿಲ್ಲ, ಒಬ್ರ ಹೋಗೂದು ಬ್ಯಾಡ. ನಾ ಸನ್ ಪ್ರೇರಿಯೊಳಗ ಇರ್ತೀನಿ, ಶನಿವಾರ ಖಾಲಿ ಇದ್ದೀನಿ. ನಿಮಗ ಅಡ್ಡಿ ಇಲ್ಲಂದ್ರ ನಾನೂ ಬರ್ತೀನಿ.

ತುಂಗಾತೀರ:

ಅಣ್ಣ ದಯವಿಟ್ಟು ಬನ್ನಿ, ಇದಕ್ಕಿಂತ ಇನ್ನೇನು ಬೇಕು. ಮೆಸೇಜ್ ಹಾಕಿದೀನಿ ನೋಡಿ.

ಕಾವೇರಿ ಮಗಳು:

ನಾನು ಮೀನು ಹಿಡಿಯೋಳಲ್ಲ, ಚಿಕಾಗೋದಲ್ಲಿರೋದು, ಊರು ಶ್ರೀರಂಗಪಟ್ಟಣ. ಓದ್ತಾ ಓದ್ತಾ ಒಂದು ಪ್ರಶ್ನೆ ಬಂತು, ಬೇಜಾರು ಮಾಡ್ಕೋಬೇಡಿ. ತಿನ್ನೋಕೆ ಹಿಡಿಯೋದು ಅರ್ಥ ಆಗತ್ತೆ, ನಮ್ಮನೇಲೂ ಮೀನು ಸಾರು ಮಾಡ್ತೀವಿ. ಆದ್ರೆ ಕೊಕ್ಕೆ ಹಾಕಿ ಎಳೆದು ಫೋಟೋ ತಗೊಂಡು ವಾಪಸ್ ಬಿಡೋದ್ರಿಂದ ಆ ಮೀನಿಗೆ ಸುಮ್ನೆ ಹಿಂಸೆ ತಾನೆ? ಶೃಂಗೇರೀಲಿ ಮೀನಿಗೆ ಮಂಡಕ್ಕಿ ಹಾಕಿ ಕೈಮುಗಿದು ಬರ್ತೀವಿ, ಯಾರೂ ಗಾಳ ಹಾಕಲ್ಲ. ಹಂಗೇ ಬಿಟ್ರೆ ಆಗಲ್ವಾ? ನಿಜವಾಗ್ಲೂ ತಿಳ್ಕೊಳೋಕೆ ಕೇಳ್ತಿದೀನಿ.

ಕಣಿವೆಹಕ್ಕಿ:

ಕಾವೇರಿ ಮಗಳು ಅವ್ರೇ, ಬೇಜಾರೇನಿಲ್ಲ, ಇದು ಕೇಳ್ಬೇಕಾದ ಪ್ರಶ್ನೇನೇ. ಮೀನಿಗೆ ತೊಂದ್ರೆ ಆಗಲ್ಲ ಅಂತ ನಾನು ಹೇಳಲ್ಲ, ಆಗತ್ತೆ. ಅದನ್ನ ಎಷ್ಟು ಕಮ್ಮಿ ಮಾಡ್ಬಹುದೋ ಅಷ್ಟು ಮಾಡೋ ಜವಾಬ್ದಾರಿ ಹಿಡಿಯೋರ ಮೇಲಿದೆ. ಕೊಕ್ಕೆಯ ಒಳಮುಳ್ಳನ್ನ ಇಕ್ಕಳದಲ್ಲಿ ಒತ್ತಿ ಚಪ್ಪಟೆ ಮಾಡ್ತೀನಿ, ಆಗ ತಿರುಗಿಸಿದ್ರೆ ಸಾಕು ಬಿಡ್ಕೊಳ್ಳತ್ತೆ. ಒಣಕೈಯಲ್ಲಿ ಮುಟ್ಟಲ್ಲ, ಮೈಮೇಲಿನ ಲೋಳೆ ಕಿತ್ತು ಹೋಗತ್ತೆ. ಚಳಿ ಜೋರಿದ್ದಾಗ, ಅಂದ್ರೆ ಗಾಳಿ 32ಕ್ಕಿಂತ ಕೆಳಗಿದ್ರೆ, ನೀರಿಂದ ಎತ್ತೋದೇ ಇಲ್ಲ. ಒದ್ದೆ ಕಿವಿರು ಆ ಗಾಳಿಗೆ ಕ್ಷಣದಲ್ಲಿ ಹೆಪ್ಪುಗಟ್ಟಬಹುದು. ಫೋಟೋ ಬೇಕು ಅಂದ್ರೆ ಮೀನು ನೀರಲ್ಲೇ ಬಲೆಯೊಳಗೆ ಇರ್ಲಿ, ಮೇಲಿಂದ ತೆಗೀರಿ.

ಇಷ್ಟೆಲ್ಲಾ ಮಾಡ್ಕೊಂಡು ಯಾಕೆ ಹಿಡೀಬೇಕು ಅಂದ್ರೆ, ನನ್ನ ಮಟ್ಟಿಗೆ ಹೇಳ್ತೀನಿ, ಆ ಹಳ್ಳಾನ ನೋಡೋಕೆ ಹೋಗೋರು ಹಿಡಿಯೋರೇ. ಕೂನ್ ವ್ಯಾಲಿ ಕಥೆ ಗೊತ್ತಾದ್ರೆ ನಿಮಗೆ ಅರ್ಥ ಆಗತ್ತೆ. 1930ರ ಹೊತ್ತಿಗೆ ಆ ಕಣಿವೆ ಹಾಳಾಗಿ ಹೋಗಿತ್ತು, ಕಡಿದಾದ ಗುಡ್ಡ ಎಲ್ಲಾ ಕಡಿದು ಉತ್ತು, ದನ ಮೇಯಿಸಿ, ಮಳೆ ಬಂದ್ರೆ ಮಣ್ಣೆಲ್ಲಾ ಕೊಚ್ಕೊಂಡು ಬಂದು ಹಳ್ಳಾನ ಮುಚ್ತಿತ್ತು, ಕೊರಕಲುಗಳಂತೂ ಮನೆ ನುಂಗೋ ಅಷ್ಟು ದೊಡ್ಡವು. 1933ರಲ್ಲಿ ಅಮೆರಿಕದ ಮೊಟ್ಟಮೊದಲ ಜಲಾನಯನ ಸಂರಕ್ಷಣಾ ಯೋಜನೆ ಶುರುವಾಗಿದ್ದು ಇಲ್ಲೇ. ಹೆಸರಾಂತ ಪರಿಸರ ಚಿಂತಕ ಆಲ್ಡೊ ಲಿಯೊಪೋಲ್ಡ್ ಇದಕ್ಕೆ ಸಲಹೆ ಕೊಟ್ಟೋರಲ್ಲಿ ಒಬ್ರು. ಕೆಲಸ ಇಲ್ಲದ ಹುಡುಗರ ಶಿಬಿರ ಹಾಕಿ ಗಿಡ ನೆಟ್ರು, ಕೊರಕಲು ಕಟ್ಟಿದ್ರು, ರೈತರು ಒಪ್ಪಿ ಕಡಿದಾದ ಜಾಗದಿಂದ ದನ ಹೊರಗಿಟ್ಟು ಸಮಪಾತಳಿ ಪಟ್ಟಿ ಬೇಸಾಯಕ್ಕೆ, ಅಂದ್ರೆ ಇಳಿಜಾರಿಗೆ ಅಡ್ಡಲಾಗಿ ಪಟ್ಟಿ ಪಟ್ಟಿಯಾಗಿ ಬೆಳೆಯೋದಕ್ಕೆ ಬದಲಾದ್ರು. ಇವತ್ತೂ ಗುಡ್ಡದ ಮೈಮೇಲೆ ಆ ಬಾಗಿದ ಪಟ್ಟಿಗಳು ಕಾಣ್ತವೆ, ಹಿಮ ಬಿದ್ದಾಗ ಇನ್ನೂ ಚೆನ್ನಾಗಿ ಕಾಣ್ತವೆ. ನೀರು ಓಡಿ ಹೋಗೋದು ಬಿಟ್ಟು ಇಂಗೋಕೆ ಶುರುವಾಯ್ತು, ಒರತೆ ಜೋರಾಯ್ತು, ಹಳ್ಳ ತಣ್ಣಗಾಯ್ತು, ಟ್ರೌಟ್ ತಿರುಗಿ ಬಂತು. ಆಮೇಲೆ ದಡ ಕುಸೀದಂಗೆ ಕಲ್ಲು ಕಟ್ಟಿದ್ದು, ಮೀನು ಅಡಗೋಕೆ ಮರದ ಹಲಗೆಯ ಮಾಡು ಇಟ್ಟಿದ್ದು, ಇದ್ರಲ್ಲಿ ಬಹಳಷ್ಟು ದುಡ್ಡು ಆ ಟ್ರೌಟ್ ಸ್ಟಾಂಪಿಂದ ಬಂದಿದ್ದು, ಮೈಬೆವರು ಗಾಳ ಹಾಕೋರದ್ದು. 2018ರ ಆಗಸ್ಟ್ ಪ್ರವಾಹದಲ್ಲಿ ಮೇಲಿನ ಒಡ್ಡುಗಳು ಒಡೆದು ಕೂನ್ ಕ್ರೀಕ್, ಕಿಕಪೂ ಎರಡು ಹೊಳೆ ಕಡೇನೂ ಬಹಳ ಹಾಳಾಯ್ತು, ಆಗಲೂ ಶನಿವಾರ ಭಾನುವಾರ ಬೇಲಿ ಎತ್ತಿ ಕಸ ತೆಗೆದೋರಲ್ಲಿ ಗಾಳದೋರು ಬಹಳ ಜನ ಇದ್ರು, ನಾನೂ ಇದ್ದೆ.

ತುಂಗಾತೀರ ಅವ್ರೇ, ನಿಮಗೆ ಒಂದು ಮುಖ್ಯ ಮಾತು ಹೇಳೋದು ಬಿಟ್ಟೆ. ಬ್ರೌನ್, ಬ್ರೂಕ್ ಎರಡು ಜಾತಿ ಟ್ರೌಟೂ ಅಕ್ಟೋಬರ್ ನವೆಂಬರಲ್ಲಿ ಮೊಟ್ಟೆ ಇಡ್ತವೆ. ಹೆಣ್ಣು ಮೀನು ಬಾಲದಲ್ಲಿ ಹೊಡೆದು ಹೊಡೆದು ಜಲ್ಲಿನ ಗುಂಡಿ ಮಾಡಿ ಮೊಟ್ಟೆ ಇಟ್ಟು ಮುಚ್ಚತ್ತೆ. ಸುತ್ತ ಪಾಚಿ ಹಿಡಿದ ಕಪ್ಪು ತಳ, ನಡುವೆ ತೊಳೆದಿಟ್ಟಂಗೆ ಬೆಳ್ಳಗಿರೋ ಜಲ್ಲಿ, ಮೊರದಷ್ಟು ಅಗಲ. ಮರಿಗಳು ಒಡೆದ ಮೇಲೂ ಹೊಟ್ಟೇಲಿ ಮೊಟ್ಟೆಯ ಹಳದಿ ಭಂಡಾರದ ಚೀಲ ಕಟ್ಕೊಂಡು ವಾರಗಟ್ಲೆ ಆ ಕಲ್ಲಿನ ಸಂದೀಲೇ ಇರ್ತವೆ, ಫೆಬ್ರವರಿ ಮಾರ್ಚಲ್ಲಿ ಇನ್ನೂ ಅಲ್ಲೇ ಇರಬಹುದು. ನೀವು ಒಂದು ಹೆಜ್ಜೆ ಇಟ್ರೆ ನೂರಾರು ಹೋಗ್ತವೆ. ಆ ಥರ ಬೆಳ್ಳನೆ ಜಲ್ಲಿ ಕಂಡ್ರೆ ದಯವಿಟ್ಟು ದಡ ಹತ್ತಿ ಸುತ್ತಿ ಹೋಗಿ.

ಬಂಡೀಪುರ ಗಡಿ:

ಒಂದು ವಿಷಯ ಸೇರಿಸ್ತೀನಿ. ನಾನು ಗುಂಡ್ಲುಪೇಟೆಯವನು, ಅಮೆರಿಕ ನೋಡಿಲ್ಲ, ಆದ್ರೆ ಟ್ರೌಟ್ ನೋಡಿದೀನಿ. ನಮ್ಮೂರಿಂದ ಬಂಡೀಪುರ ದಾಟಿ ಊಟಿಗೆ ಹೋದ್ರೆ ಅದರಾಚೆ ಅವಲಾಂಚಿ ಅಂತ ಜಾಗ, ಅಲ್ಲಿ ಟ್ರೌಟ್ ಮರಿ ಮಾಡೋ ಕೇಂದ್ರ ಇದೆ, ಬ್ರಿಟಿಷರ ಕಾಲದಲ್ಲಿ 1907ರಲ್ಲಿ ಕಟ್ಟಿದ್ದು. ಅಲ್ಲಿರೋದು ರೇನ್‌ಬೋ ಟ್ರೌಟ್, ಅದರ ಮೂಲ ಉತ್ತರ ಅಮೆರಿಕದ ಪಶ್ಚಿಮ ಭಾಗ. ಮ್ಯಾಪಲ್ಲಿ ನೀವು ಹೇಳಿದ ಹಳ್ಳಗಳನ್ನ ಹುಡುಕ್ತಿದ್ದಾಗ ವೆಸ್ಟ್ ಫೋರ್ಕ್ ಕಿಕಪೂ ಹೊಳೆ ದಡದಲ್ಲಿ ಅವಲಾಂಚ್ ಅಂತ್ಲೇ ಒಂದು ಊರು ಸಿಕ್ತು! ಒಂದೇ ಹೆಸರಿನ ಎರಡು ಊರು, ಎರಡರಲ್ಲೂ ಟ್ರೌಟ್. ನಮ್ಮ ನೀಲಗಿರಿಯಲ್ಲಿ ಅದು ತಂದು ಬಿಟ್ಟ ಮೀನು. ಅಲ್ಲೂ ಬ್ರೌನ್ ಟ್ರೌಟ್ ಹೊರಗಿಂದ ಬಂದಿದ್ದಾ?

ಕಣಿವೆಹಕ್ಕಿ:

ಹೌದು, ಬ್ರೌನ್ ಯುರೋಪಿನದ್ದು, 1883ರಲ್ಲಿ ಜರ್ಮನಿಯಿಂದ ಅದರ ಮೊಟ್ಟೆ ಅಮೆರಿಕಕ್ಕೆ ಬಂತು. ಈ ಹಳ್ಳಗಳ ಸ್ವಂತ ಮೀನು ಬ್ರೂಕ್ ಟ್ರೌಟ್ ಒಂದೇ. ಅದಕ್ಕೆ ಇನ್ನೂ ತಣ್ಣನೆ, ಇನ್ನೂ ಶುದ್ಧ ನೀರು ಬೇಕು, ಹಂಗಾಗಿ ಮೇಲ್ಮೇಲಿನ ಒರತೆ ಕಡೆ ಉಳ್ಕೊಂಡಿದೆ. ಅವಲಾಂಚಿ ವಿಷಯ ನಂಗೂ ಗೊತ್ತಿರ್ಲಿಲ್ಲ, ಎಷ್ಟು ಸಲ ಈ ಅವಲಾಂಚಲ್ಲಿ ಕಾರ್ ನಿಲ್ಸಿದೀನಿ!

ತುಂಗಾತೀರ:

ಹೋಗಿ ಬಂದ್ವಿ. ಎಲ್ರಿಗೂ ಹೇಳ್ಲೇಬೇಕು ಅಂತ ರಾತ್ರಿ ಹನ್ನೊಂದಕ್ಕೆ ಕೂತ್ಕೊಂಡು ಬರೀತಿದೀನಿ.

ಧಾರವಾಡದ ಅಣ್ಣ ಬೆಳಿಗ್ಗೆ ಏಳಕ್ಕೆ ಮನೆ ಹತ್ರ ಬಂದ್ರು, ಅಕ್ಕ ಕಟ್ಟಿಕೊಟ್ಟ ಜೋಳದ ರೊಟ್ಟಿ, ಶೇಂಗಾ ಚಟ್ನಿ ಬೇರೆ. ವೆಸ್ಟ್‌ಬಿ ದಾಟಿ ಇಳಿಜಾರಲ್ಲಿ ಕಣಿವೆ ಕಂಡಾಗ ಗುಡ್ಡದ ಮೇಲೆ ಆ ಪಟ್ಟಿಗಳು ಕಂಡ್ವು, ಒಂದು ಪಟ್ಟಿ ಬಿಳಿ, ಒಂದು ಪಟ್ಟಿ ಕೊಯ್ದು ಉಳಿದ ಮೆಕ್ಕೆಜೋಳದ ಕೂಳೆ. ಸೇತುವೆ ಹತ್ರ ಕಾರ್ ನಿಲ್ಸಿ ಇಳಿದ್ರೆ ಹಳ್ಳದ ಮೇಲೆ ಹಬೆ ಆಡ್ತಿತ್ತು, ದಡದ ಒಣ ಹುಲ್ಲಿನ ಎಸಳು ಎಸಳಿಗೂ ಬಿಳಿ ಹರಳು ಕೂತಿತ್ತು. ಅಣ್ಣ "ಸಾವಕಾಶ ಇಳೀರಿ" ಅಂತ ಮೊದಲು ತಾವು ಇಳಿದು ಕೈ ಕೊಟ್ರು.

ಹತ್ತೂವರೆಗೆ ಥರ್ಮಾಮೀಟರ್ ಹಾಕಿದ್ರೆ 39. ಒಂದೂವರೆ ಗಂಟೆ ಏನೂ ಇಲ್ಲ, ಬೆಂಡು ತೇಲ್ತಾ ಹೋಗತ್ತೆ ಬರತ್ತೆ. ರಾಡಿನ ತುದಿ ಉಂಗುರ ಐಸಲ್ಲಿ ಮುಚ್ಚಿ ಹೋಗ್ತಿತ್ತು, ಹತ್ತು ಸಲ ಎಸೆದ್ರೆ ಒಂದು ಸಲ ನೀರಿಗದ್ದೋದೇ ಕೆಲಸ. ಆಮೇಲೆ ಮೇಲ್ಗಡೆ ನಡೀತಾ ಹೋದ್ವಿ, ಒಂದು ತಿರುವಲ್ಲಿ ಎಡದಡದ ಕಲ್ಲಿನ ಬುಡದಿಂದ ನೀರು ಉಕ್ಕಿ ಬರ್ತಿತ್ತು, ಅಲ್ಲಿ ಆ ಹಸಿರು ಸೊಪ್ಪು! ಅಷ್ಟು ಹಸಿರು ನೋಡಿ ನಾಕು ತಿಂಗಳಾಗಿತ್ತು ನಂಗೆ. ಒರತೆ ಬಾಯಲ್ಲಿ 48, ಅದು ಹಳ್ಳಕ್ಕೆ ಸೇರೋ ಕಡೆ 43. ಸೊಪ್ಪು ಕೊಡವಿದ್ರೆ ಅಂಗೈ ಮೇಲೆ ನಾಕೈದು ಸೀಗಡಿ, ಕಣಿವೆಹಕ್ಕಿ ಅವ್ರು ಹೇಳಿದ ಹಂಗೇ ಸುತ್ಕೊಂಡು ಬಿಚ್ಕೊಂಡು ಪಕ್ಕಕ್ಕೆ ಈಜಾಡೋ ಥರ ಒದ್ದಾಡ್ತಿದ್ವು, ಒಂದರ ಮೈ ಎಷ್ಟು ತೆಳ್ಳಗೆ ಅಂದ್ರೆ ಒಳಗಿನ ಕಪ್ಪು ಗೆರೆ ಕಾಣ್ತಿತ್ತು. ಅವನ್ನ ವಾಪಸ್ ಬಿಟ್ವಿ.

ಅದರ ಕೆಳಗೆ ಒಂದು ಮಡು. ಮೇಲೆ ನಿಂತು ಪಿಂಕ್ ಸ್ಕ್ವಿರಲ್ ಬಿಟ್ಟೆ, ಆರನೇದೋ ಏಳನೇದೋ ಸಲ ಬೆಂಡು ಮುಳುಗ್ಲಿಲ್ಲ, ಸುಮ್ನೆ ನಿಂತ್ಕೊಳ್ತು, ಅಣ್ಣ "ಎತ್ತ್ರಿ!" ಅಂತ ಕೂಗಿದ್ರು, ಎತ್ತಿದೆ, ಭಾರ. ಅಜ್ಜನ ಹಳ್ಳದಲ್ಲಿ ಮೊದಲ ಮೀನು ಜಗ್ಗಿದಾಗ ಕೈಗೆ ಬಂದ ನಡುಕ ಇದೆಯಲ್ಲ, ಅದೇ ನಡುಕ ಈ ಮೂವತ್ತನಾಲ್ಕು ವರ್ಷದ ಕೈಗೂ ಬಂತು. ಹತ್ತು ಇಂಚಿನ ಬ್ರೌನ್. ಬಲೆಯೊಳಗೆ ನೀರಲ್ಲೇ ಇಟ್ಕೊಂಡು ಬಗ್ಗಿ ನೋಡಿದೆ. ಬೆನ್ನು ಹಳೇ ಹಿತ್ತಾಳೆ ಬಣ್ಣ, ಹೊಟ್ಟೆ ಬೆಣ್ಣೆ ಬಣ್ಣ, ಮಗ್ಗುಲಲ್ಲಿ ಕಪ್ಪು ಚುಕ್ಕಿ, ನಡುವೆ ಕುಂಕುಮದ ಬೊಟ್ಟಿನಂಥ ಕೆಂಪು ಚುಕ್ಕಿ, ಒಂದೊಂದು ಚುಕ್ಕಿ ಸುತ್ತಲೂ ತೆಳು ಉಂಗುರ. ಕಿವಿರು ನಿಧಾನ ತೆಗೆದು ಮುಚ್ತಿತ್ತು. ಕೊಕ್ಕೆ ತಿರುಗಿಸಿದ ತಕ್ಷಣ ಬಿಡ್ತು, ಬಲೆ ಬಗ್ಗಿಸಿದೆ, ಒಂದು ಕ್ಷಣ ನನ್ನ ಬೂಟಿನ ಪಕ್ಕದಲ್ಲೇ ನಿಂತಿದ್ದು ಆಮೇಲೆ ಮಡುವಿನ ಕಪ್ಪಿಗೆ ಹೋಯ್ತು. ಫೋಟೋ ತೆಗೆಯೋದು ನೆನಪೇ ಆಗ್ಲಿಲ್ಲ. ಕಾವೇರಿ ಮಗಳು ಅವ್ರೇ, ನಿಮ್ಮ ಪ್ರಶ್ನೆ ಆಗ ತಲೇಲಿತ್ತು. ಅದಕ್ಕೇ ಆಮೇಲೆ ಮೂರು ಮೀನು ಸಿಕ್ಕಿದ್ಮೇಲೆ ಸಾಕು ಅಂತ ರಾಡ್ ಮಡಚಿ ಸುಮ್ನೆ ನೋಡ್ತಾ ಕೂತೆ.

ಕೂತಿದ್ದಾಗ ಹಿಮದ ಮೇಲೆ ಏನೋ ಕಪ್ಪಗೆ ಹರಿದಾಡ್ತಿತ್ತು, ಬಗ್ಗಿ ನೋಡಿದ್ರೆ ಅರ್ಧ ಇಂಚಿನ ಹುಳ, ರೆಕ್ಕೆ ಬೆನ್ನ ಮೇಲೆ ಮಡಚ್ಕೊಂಡು ಹಿಮದ ಮೇಲೆ ನಡೀತಿತ್ತು. ಅಣ್ಣ ಅಂದ್ರು ಸ್ಟೋನ್‌ಫ್ಲೈ, ಈ ಚಳೀಲೇ ನೀರಿಂದ ಎದ್ದು ಬರೋ ಜಾತಿ ಅಂತ. ಮೇಲೆ ಎಲ್ಲೋ ಎರಡು ಕೊಕ್ಕರೆ ಕೂಗ್ತಾ ಹೋದ್ವು, ಸ್ಯಾಂಡ್‌ಹಿಲ್ ಕ್ರೇನ್, ದಕ್ಷಿಣದಿಂದ ವಾಪಸ್ ಬರ್ತಿರೋವು.

ಎರಡೂವರೆಗೆ ದಡದ ಹಿಮ ತೊಟ್ಟಿಕ್ಕೋಕೆ ಶುರುವಾಯ್ತು, ನೀರು 43 ಇದ್ದಿದ್ದು 41ಕ್ಕೆ ಇಳೀತು, ಅಣ್ಣನ ಗಾಳಕ್ಕೂ ಮೀನು ಬಾಯಿ ಹಾಕೋದು ನಿಂತೇ ಹೋಯ್ತು. ಥರ್ಮಾಮೀಟರ್ ಮಾತು ಸತ್ಯ. ವಾಪಸ್ ಬರ್ತಾ ಒಂದು ಕಡೆ ಮೊಣಕಾಲು ಆಳದಲ್ಲಿ ಆ ಬೆಳ್ಳನೆ ಜಲ್ಲಿ ಕಾಣ್ತು, ಮೊರದಷ್ಟೇ ಅಗಲ. ಬರುವಾಗ ಅದರ ಪಕ್ಕದಲ್ಲೇ ಹತ್ತಿದ್ವಾ ಏನೋ, ನೆನಪು ಮಾಡ್ಕೊಂಡ್ರೆ ಎದೆ ಧಸಕ್ ಅನ್ನತ್ತೆ. ಇಬ್ರೂ ದಡ ಹತ್ತಿ, ಬೇಲಿ ಮೆಟ್ಟಿಲು ದಾಟಿ, ದನದ ಹುಲ್ಲುಗಾವಲಲ್ಲಿ ಸುತ್ತಿ ಕಾರಿಗೆ ಬಂದ್ವಿ.

ಕಾಲು ಬೆಚ್ಚಗಿತ್ತು, ಎರಡೇ ಸಾಕ್ಸ್ ಹಾಕಿದ್ದೆ. ಬೂಟು ತೊಳೆದು ಫ್ರೀಜರಲ್ಲಿಟ್ಟಿದೀನಿ, ಹೆಂಡ್ತಿಗೆ ಒಂದು ಮೂಲೆ ಖಾಲಿ ಮಾಡ್ಕೊಡು ಅಂತ ಮೊದಲೇ ಕೇಳಿದ್ದೆ.

ಮಾರ್ಚ್ ಎರಡನೇ ಶನಿವಾರ ಅವಲಾಂಚ್ ಕಡೆ, ವೆಸ್ಟ್ ಫೋರ್ಕ್ ಕಿಕಪೂಗೆ ಹೋಗೋಣ ಅಂತ ಅಣ್ಣ ಹೇಳಿದಾರೆ. ಕಣಿವೆಹಕ್ಕಿ ಅವ್ರೇ, ನೀವೂ ಬರೋಕಾಗತ್ತಾ? ಮ್ಯಾಡಿಸನ್ ಕಡೆಯಿಂದ ಬೇರೆ ಯಾರಾದ್ರೂ ಬರೋರಿದ್ರೂ ಹೇಳಿ, ಕಾರಲ್ಲಿ ಎರಡು ಸೀಟು ಖಾಲಿ ಇದೆ.